ಬುಧವಾರದ ಅಜ್ಜಿ

ಮೊಮ್ಮಕ್ಕಳನ್ನು ಸಾಕುವ ಅಜ್ಜಿಯರು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಎದೆ ಡವಡವ ಎನ್ನುವಾಗಲೇ ಅದು ಬಂದು ಬಾಗಿಲು ತಟ್ಟುತ್ತದೆ.

೧. ಗುಂಡಿ

ಮಗಳು, ಅಳಿಯ ಇಬ್ಬರೂ ತೀರಿಕೊಂಡ ಮೇಲೆ ಮೊಮ್ಮಗಳು ನಂಜನಗೂಡಿಗೆ ನನ್ನ ಬಳಿ ಬಂದಳು. ನಾನು ರವಿಕೆ ಹೊಲಿದು ಮನೆ ಕಟ್ಟಿಸಿದವಳು; ಅಳತೆಗೆ ಕತ್ತರಿಸುವ ಹಳೇ ಪತ್ರಿಕೆಗಳಲ್ಲೇ ಓದು ಕಲಿತವಳು. ಶಾಲೆ ಗೇಟಿನಲ್ಲಿ ನನ್ನಂತೆಯೇ ಮೊಮ್ಮಕ್ಕಳನ್ನು ಸಾಕುತ್ತಿದ್ದ ಮೂವರು ಅಜ್ಜಿಯರು, "ದಿನಕ್ಕೊಬ್ಬರು ನಾಲ್ಕೂ ಮಕ್ಕಳನ್ನ ಕರ್ಕೊಂಡೋಗಿ ಊಟ ಹಾಕೋಣ" ಎಂದರು.

"ನನಗೆ ಯಾರ ಹಂಗೂ ಬೇಡ" ಎಂದೆ.

ಅವರಲ್ಲೊಬ್ಬರಾದ ಕವಲಂದೆ ಊರಿನ ಅಜ್ಜಿ ಬಿಡಲಿಲ್ಲ. "ರವಿಕೆಗೆ ಒಂದೇ ಗುಂಡಿ ಸಾಕಾ ಕಣವ್ವ? ನಾಕು ಆಕಲ್ವಾ ನೀನು?"

ಸೇರಿಕೊಂಡೆ. ಐದು ಹಾಕುತ್ತೇನೆಂದು ಮಾತ್ರ ತಿದ್ದಿದೆ.

೨. ಐದನೆಯ ತಟ್ಟೆ

ಒಂದು ಸೋಮವಾರ, ನನ್ನ ಸರದಿ. ಬಡಿಸುತ್ತಾ ನೋಡಿದರೆ ತಟ್ಟೆ ನಾಲ್ಕು, ಮಕ್ಕಳು ಐದು! ಐದನೆಯವಳು ಟೀಚರ್ ಮಗಳು. ಅವಳನ್ನು ಎತ್ತಿಕೊಂಡು ಓಡಿದೆ. ಶಾಲೆಯಲ್ಲಿ ಟೀಚರ್ ಅಳುತ್ತಾ ಹುಡುಕುತ್ತಿದ್ದರು.

"ಯಾಕೇ ಹೋದೆ?"

"ಅಜ್ಜಿ ಕೈ ಹಿಡ್ಕೊಂಡ್ರು, ಹೋದೆ. ಸಾರು ನಿನಗಿಂತ ಚೆನ್ನಾಗಿ ಮಾಡ್ತಾರಮ್ಮ."

೩. ವಿಚಾರಣೆ

ಈ ಸುದ್ದಿ ತಿ. ನರಸೀಪುರದ ಹತ್ತಿರ ಸೋಸಲೆಯಲ್ಲಿದ್ದ ಮೊಮ್ಮಗಳ ದೊಡ್ಡಪ್ಪನಿಗೆ ಮುಟ್ಟಿತು. "ಮುದುಕಿಗೆ ಯಾರ ಮಗು ಅನ್ನೋದೇ ತಿಳಿಯಲ್ಲ, ಹುಡುಗಿಯನ್ನು ನನಗೆ ಕೊಡಿ" ಎಂದು ಮಕ್ಕಳ ಕಲ್ಯಾಣ ಕಚೇರಿಗೆ ಅರ್ಜಿ ಹಾಕಿದ. ಒಂದು ಬುಧವಾರ ಅಲ್ಲಿನ ಅಧಿಕಾರಿ ಮೇಡಂ ಅವನನ್ನೂ ಕರೆದುಕೊಂಡು ಮನೆಗೆ ಬಂದರು. ಅಜ್ಜಿಯರೆಲ್ಲ ಬಂದು ಗೋಡೆಗೊರಗಿ ಕೂತಿದ್ದರು.

"ಪುಟ್ಟಿ, ನಿನ್ನ ಅಜ್ಜಿ ಯಾರು?" ಮೇಡಂ ಕೇಳಿದರು.

ಅವಳು ಕವಲಂದೆ ಅಜ್ಜಿಯನ್ನು ತೋರಿಸಿದಳು. "ಇವತ್ತು ಇವ್ರು."

"ನೋಡಿದ್ರಾ ಮೇಡಂ?" ದೊಡ್ಡಪ್ಪ ನಕ್ಕ.

ಮೇಡಂ ನನ್ನತ್ತ ಕೈ ತೋರಿದರು. "ಹಾಗಾದ್ರೆ ಇವರು?"

"ಇವ್ರು ಏಳು ದಿನಾನೂ. ಎಬ್ಬಿಸುವಾಗ ಬೈತಾರೆ, ಮಗ್ಗಿ ತಪ್ಪಿದ್ರೆ ಬೈತಾರೆ. ಮಲಗಿದ ಮೇಲೆ ಬೈಕೊಂಡೇ ಹೊದಿಸ್ತಾರೆ."

ಮೇಡಂ ದೊಡ್ಡಪ್ಪನ ಕಡೆ ತಿರುಗಿದರು. "ಹುಡುಗಿ ಎಷ್ಟನೇ ಕ್ಲಾಸು?"

"ಎರಡೋ... ಮೂರೋ..."

"ನಾಲ್ಕು!" ಗೋಡೆಯುದ್ದಕ್ಕೂ ಅಜ್ಜಿಯರು ಕೂಗಿದರು. "ಬಿ ಸೆಕ್ಷನ್ನು!"

ಹುಡುಗಿ ಇಲ್ಲೇ ಇರಲಿ ಎಂದು ಮೇಡಂ ಬರೆದರು. ಪೋಷಕರ ಸಹಿ ಬೇಕೆಂದು ಶಾಯಿಯ ಡಬ್ಬಿ ಮುಂದಿಟ್ಟರು. ನಾನೇನು ಹೆಬ್ಬೆಟ್ಟಿನವಳೇ? ಡಬ್ಬಿ ಅತ್ತ ತಳ್ಳಿ, ಕನ್ನಡಕ ಏರಿಸಿ, ಇಡೀ ಹಾಳೆ ಓದಿ, ಪೆನ್ನು ತೆಗೆಯುವಷ್ಟರಲ್ಲಿ ಕವಲಂದೆ ಅಜ್ಜಿ ನನ್ನ ಕೈ ತಡೆದರು.

"ತಡಿಯವ್ವ, ಬುಧವಾರ ನಂದು!" ಎಂದು ಹೆಬ್ಬೆಟ್ಟು ಒತ್ತಿಯೇಬಿಟ್ಟರು.