ಅಪರಿಚಿತರೆಲ್ಲ ಮಾವನ ಪರಿಚಿತರು

ಎಲ್ಲೆಲ್ಲಿಯೋ ಸತ್ತ ಸೇನಾಧಿಪತಿಗಳ ವಿಧವೆಯರೆಲ್ಲ ನನ್ನ ಸೋದರಮಾವನಿಗೆ ಖುದ್ದಾಗಿ ಗೊತ್ತು. ಹಾಗೆಂದು ಹೇಳುವವನು ನಾನಲ್ಲ, ಸ್ವತಃ ಮಾವ!

ಯಾವುದೋ ದೇಶದಿಂದ ‘ಪ್ರಿಯ ಮಿತ್ರನೇ, ನನ್ನ ಗಂಡ ಕೋಟಿಗಟ್ಟಲೆ ಬಿಟ್ಟುಹೋಗಿದ್ದಾನೆ’ ಎಂದು ಇ-ಮೇಲ್ ಬಂದರೆ ನೀವೇನು ಮಾಡುತ್ತೀರಿ? ಅಳಿಸುತ್ತೀರಿ. ಮಾವ ಕನ್ನಡಕ ಒರೆಸಿಕೊಂಡು, ಈಕೆ ಹಂಪಿಗೆ ಯಾವ ವರ್ಷ ಬಂದಿದ್ದಳು ಎಂದು ನೆನಪಿಸಿಕೊಳ್ಳಲು ಕೂರುತ್ತಾರೆ. ತಪ್ಪು ಅವರದೆನ್ನುವಂತಿಲ್ಲ. ಅವರು ಹಂಪಿಯಲ್ಲಿ ನಲವತ್ತು ವರ್ಷ ಗೈಡ್ ಆಗಿದ್ದವರು, ಕಂಡ ಕಂಡ ವಿದೇಶಿಯರಿಗೆಲ್ಲ ಚೀಟಿಯಲ್ಲಿ ತಮ್ಮ ಇ-ಮೇಲ್ ವಿಳಾಸ ಬರೆದುಕೊಟ್ಟವರು. ಗುರುತಿಲ್ಲದ ಪರದೇಶಿಯೊಬ್ಬ ಕಂಪ್ಲಿಯ ಅಕ್ಕಿ ಗಿರಣಿಯವನಿಗೆ ಪತ್ರ ಬರೆದರೆ ಅದು ಮೋಸ. ಹಂಪಿಯ ಗೈಡಿಗೆ ಬರೆದರೆ ಹಳೇ ಗಿರಾಕಿ!

ಗೈಡುಗಿರಿಯಲ್ಲಿ ಅವರ ನಿಜವಾದ ವರಸೆ ನೋಡಬೇಕಾದದ್ದು ಉಗ್ರನರಸಿಂಹನ ಮುಂದೆ. ಆ ದೇವರ ತೊಡೆಯ ಮೇಲಿದ್ದ ಲಕ್ಷ್ಮಿ ಎಂದೋ ಒಡೆದುಹೋಗಿದ್ದಾಳೆ, ಅವನ ಬೆನ್ನು ಬಳಸಿದ ಅವಳ ಕೈ ಮಾತ್ರ ಉಳಿದಿದೆ. ಮಾವ ಜನರನ್ನು ಪಕ್ಕಕ್ಕೆ ಕರೆದೊಯ್ದು ಅದನ್ನು ತೋರಿಸಿ, ‘ಕೈ ಐತಿ ಅಂದ್ರ ಆಕಿ ಅದಾಳ ಅಂತ ತಿಳೀರಿ’ ಎಂದು ಶುರುಮಾಡಿ, ಇಲ್ಲದ ಲಕ್ಷ್ಮಿಯ ಮೂಗುತಿಯವರೆಗೂ ವರ್ಣಿಸುತ್ತಿದ್ದರು. ಕೇಳಿದವರು ಮೂಗುತಿ ಎಲ್ಲಿ ಎಂದು ಹುಡುಕುತ್ತಿದ್ದರು.

ನನ್ನದು ಹೊಸಪೇಟೆ ಬಸ್ ನಿಲ್ದಾಣದ ಹಿಂದೆ ಒಂದು ಝೆರಾಕ್ಸ್ ಅಂಗಡಿ. ಪ್ರತಿ ಸೋಮವಾರ ಮಾವ ವಿರೂಪಾಕ್ಷನಿಗೆ ಕೈಮುಗಿದು, ಹಣೆ ತುಂಬ ವಿಭೂತಿ ಧರಿಸಿ, ಹಂಪಿ ಬಸ್ಸಿನಿಂದ ಇಳಿದು ನನ್ನ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಫೋನಿನಲ್ಲೇ ನೋಡಬಹುದಲ್ಲ ಎಂದರೆ, ಅದರಲ್ಲಿ ಸಣ್ಣದು ಕಾಣುತ್ತದೆ, ತಮಗೆ ದೊಡ್ಡದು ಬೇಕು ಎನ್ನುತ್ತಾರೆ. ಏನು ದೊಡ್ಡದು ಬೇಕು ಎನ್ನುವುದು ನಮ್ಮ ಮನೆಮಂದಿಗೆಲ್ಲ ಗೊತ್ತು. ನನ್ನ ಅತ್ತೆಯ, ಅಂದರೆ ಅವರ ಹೆಂಡತಿಯ, ಫೋಟೋ.

ಅತ್ತೆ ತೀರಿಕೊಂಡು ನಾಲ್ಕು ವರ್ಷವಾಯಿತು. ವಿರೂಪಾಕ್ಷನ ಗುಡಿ ಹತ್ತಿರ ಚಹಾದಂಗಡಿ ಇಟ್ಟಿದ್ದವಳು. ಗಂಡನ ಚಿತ್ರ ಯಾವ ಯಾವ ದೇಶದ ಗೋಡೆಗಳ ಮೇಲೋ ಇದೆ, ಆಕೆಯದು ಸ್ವಂತ ಮನೆಯಲ್ಲೂ ಇಲ್ಲ. ಕ್ಯಾಮೆರಾ ಕಂಡರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದಳು. ಮದುವೆಯ ಫೋಟೋದಲ್ಲಿ ತಲೆ ತಗ್ಗಿಸಿ ಕೂತಿದ್ದರಿಂದ ಬಾಸಿಂಗವಷ್ಟೇ ಕಾಣುತ್ತದೆ. ಆಧಾರ್ ಕಾರ್ಡಿನಲ್ಲಿರುವುದು ಯಾರೋ, ಅದು ಆ ಶಿವನಿಗೇ ಗೊತ್ತು!

ಆದರೆ ಎಷ್ಟೋ ವರ್ಷದ ಕೆಳಗೆ ಒಂದು ದಿನ, ವಿದೇಶಿ ಹೆಂಗಸೊಬ್ಬಳು ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ ತಿನ್ನುತ್ತ ಹಸಿಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸಿದಳಂತೆ. ಅತ್ತೆ ಗೊಳ್ಳೆಂದು ನಕ್ಕಳಂತೆ. ಅದೇ ಹೊತ್ತಿಗೆ ಆ ಹೆಂಗಸಿನ ಗಂಡ ಕ್ಯಾಮೆರಾ ಒತ್ತಿದನಂತೆ. ಕಳಿಸುತ್ತೇವೆಂದು ಇ-ಮೇಲ್ ವಿಳಾಸ ಬರೆಸಿಕೊಂಡು ಹೋದವರು ಕಳಿಸಲಿಲ್ಲ. ಅವರ ಹೆಸರು ಕೇಳಲು ಮಾವ ಮರೆತಿದ್ದರು. ಅತ್ತೆ ಹೋದ ಮೇಲೆ ಗೋಡೆಗೆ ಒಂದು ಮೊಳೆ ಹೊಡೆದಿದ್ದಾರೆ, ಅದಕ್ಕೆ ಟವೆಲ್ಲು ನೇತುಹಾಕಲೂ ಯಾರನ್ನೂ ಬಿಡುವುದಿಲ್ಲ.

ಹೀಗಾಗಿ ಬಂದ ಪ್ರತಿ ಪತ್ರಕ್ಕೂ ಒಂದೇ ಪರೀಕ್ಷೆ. ನಿಮ್ಮ ಕೋಟಿ ನಿಮ್ಮಲ್ಲೇ ಇರಲಿ ತಾಯಿ, ನಮ್ಮ ಅಂಗಡಿಯಲ್ಲಿ ನೀವು ಏನು ತಿಂದಿರಿ, ತಿಂದಾಗ ಏನಾಯಿತು ತಿಳಿಸಿ ಎಂದು ನಾನು ಇಂಗ್ಲಿಷಿನಲ್ಲಿ ಟೈಪು ಮಾಡಬೇಕು. ಒಬ್ಬ ವಿಧವೆ, ನಿಮ್ಮಲ್ಲಿ ತಿಂದ ಕೋಳಿಯ ರುಚಿ ಇನ್ನೂ ಮರೆತಿಲ್ಲ ಪ್ರಿಯನೇ ಎಂದು ಬರೆದಳು. ಮಾವ ಎದೆಯ ಮೇಲಿನ ಲಿಂಗದ ಕರಡಿಗೆ ಮುಟ್ಟಿಕೊಂಡರು.

“ಲಿಂಗ ಕಟ್ಟಿದವರ ಅಂಗಡ್ಯಾಗ ಕೋಳಿ ಅಂತ. ಸುಳ್ಳಿ. ಮುಂದಿಂದು ತೆಗೀಲೇ.”

ವಕೀಲನೆಂದು ಹೇಳಿಕೊಂಡ ಇನ್ನೊಬ್ಬ, ಮೂರು ಸಲ ಒಗ್ಗರಣೆಯ ಪ್ರಶ್ನೆ ಎದುರಿಸಿ, ನಿಮಗೆ ಹಣ ಬೇಕೋ ಬೇಡವೋ ಎಂದು ರೇಗಿ, ಆಮೇಲೆ ಬರೆಯಲೇ ಇಲ್ಲ. ಮೋಸಗಾರರಿಗೂ ತಾಳ್ಮೆಗೊಂದು ಮಿತಿ ಇರುತ್ತದಲ್ಲವೇ?

ಮತ್ತೊಬ್ಬಳು ಶುಕ್ರವಾರ ನಿಮ್ಮನ್ನು ನೋಡಲು ಬಂದೇ ಬರುತ್ತೇನೆ ಎಂದಳು. ಮಾವ ಚೆಂಡುಹೂವಿನ ಹಾರ ಹಿಡಿದು ಹೊಸಪೇಟೆಯ ರೈಲು ನಿಲ್ದಾಣದಲ್ಲಿ ಬೆಳಗಿನಿಂದ ನಿಂತರು. ಅವಳು ಬರಲಿಲ್ಲ, ಬರುವುದಾದರೂ ಎಲ್ಲಿಂದ! ದಿಕ್ಕು ತೋಚದೆ ನಿಂತಿದ್ದ ಇನ್ಯಾರೋ ವಿದೇಶಿ ದಂಪತಿ ಸಿಕ್ಕರು. ಹಾರ ಬಾಡೀತೆಂದು ಅವರಿಗೇ ಹಾಕಿ, ಎರಡು ದಿನ ಹಂಪಿ ತೋರಿಸಿ ಕಳಿಸಿದರು. ಸ್ಪ್ಯಾಮ್ ನಂಬಿ ಗಿರಾಕಿ ಹಿಡಿದ ಮನುಷ್ಯ ಭೂಮಿಯ ಮೇಲೆ ಇವರೊಬ್ಬರೇ ಇರಬೇಕು.

ಈ ಸುದ್ದಿ ಕೇಳಿ ಸಂಡೂರಿನಲ್ಲಿರುವ ಅವರ ಮಗಳು ಹೆದರಿದಳು. ನಾಳೆ ಯಾರಾದರೂ ಮನೆಯನ್ನೇ ಬರೆಸಿಕೊಂಡಾರು, ಮೊದಲು ಆ ಇ-ಮೇಲ್ ಬಂದ್ ಮಾಡು ಎಂದು ನನ್ನ ಬೆನ್ನು ಹತ್ತಿದಳು. ನನಗೂ ಟೈಪು ಮಾಡಿ ಸಾಕಾಗಿತ್ತು. ಮಾವನಿಗೆ ಹೇಳಿದೆ. ಜಗಳ ಮಾಡುತ್ತಾರೆಂದುಕೊಂಡಿದ್ದೆ, ಮಾಡಲಿಲ್ಲ. ಇನ್ನೊಂದೇ ಸೋಮವಾರ ನೋಡಿ ಮುಚ್ಚಿಬಿಡು ಎಂದರು. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದು ನನಗೆ ಸೇರಲಿಲ್ಲ.

ಆ ಕೊನೆಯ ಸೋಮವಾರ ಸ್ಪ್ಯಾಮಿನ ರಾಶಿಯಲ್ಲಿ ಒಂದು ಪತ್ರವಿತ್ತು. ಗುರುತಿಲ್ಲದ ಹೆಸರು, ತಡವಾಯಿತು ಕ್ಷಮಿಸಿ ಎಂಬ ಒಂದು ಸಾಲು, ಜೊತೆಗೊಂದು ಫೈಲು. ಇದನ್ನು ತೆರೆದರೆ ನನ್ನ ಕಂಪ್ಯೂಟರು ಸತ್ತಂತೆಯೇ ಎಂದೆ. ಹಾಗಾದರೆ ಪರೀಕ್ಷೆ ಕೊಡು ಎಂದರು. ಕೊಟ್ಟೆ. ಬುಧವಾರ ಉತ್ತರ ಬಂತು. ಹಳದಿ ಮಂಡಕ್ಕಿ, ಒಂದು ಹಸಿಮೆಣಸಿನಕಾಯಿ, ನನ್ನ ಕಣ್ಣಲ್ಲಿ ನೀರು, ನಿಮ್ಮ ಹೆಂಡತಿಯ ನಗು ಎಂದು ಬರೆದಿದ್ದಳು.

ಫೋನು ಮಾಡಿದೆ. ಮಾವ ಸಿಕ್ಕಿದ ಬಸ್ಸು ಹತ್ತಿ, ವಿಭೂತಿಯನ್ನೂ ಮರೆತು ಬಂದರು.

ಫೈಲು ತೆರೆದೆ. ಪರದೆಯ ತುಂಬ ಮಾವ! ಎದೆ ಸೆಟೆಸಿ, ಬಾಯಿ ತೆರೆದು, ಯಾವುದೋ ಗೋಪುರದ ಕಡೆ ಬೆರಳು ಮಾಡಿ ನಿಂತಿದ್ದಾರೆ. ಅವರ ಬೆನ್ನ ಹಿಂದೆ, ಚಿತ್ರದ ಅಂಚಿನಲ್ಲಿ, ಹಸಿರು ಬಳೆಯ ಒಂದು ಕೈ. ಕೈಯಲ್ಲಿ ಚಹಾದ ಲೋಟ. ಅಷ್ಟೇ. ಮುಖವಿಲ್ಲ.

ಮಾವ ಕನ್ನಡಕ ಒರೆಸಿಕೊಂಡು ಪರದೆಯ ಹತ್ತಿರಕ್ಕೆ ಬಾಗಿದರು. ನಾನು ಅವರ ಪಾಠವನ್ನು ಅವರಿಗೇ ಒಪ್ಪಿಸಿದೆ.

“ಮಾವ, ಕೈ ಐತಲ್ಲ.”

“ಐತಿ,” ಎಂದರು. ಆ ಲೋಟದ ಮೇಲೆ ಬೆರಳಿಟ್ಟು, “ನನಗ ಚಹಾ ತಂದಾಳ ನೋಡು. ನಕ್ಕಿದ್ದು ಕೇಳಿಸಿತ್ತಲೇ. ಮಾತಿನ ಭರಾಟ್ಯಾಗ ನಾ ತಿರುಗಿ ನೋಡಲಿಲ್ಲ” ಎಂದರು.

ಕೈಯಷ್ಟನ್ನೇ ಕತ್ತರಿಸಿ ದೊಡ್ಡದು ಮಾಡಿಕೊಡಲೇ ಎಂದು ಕೇಳಿದೆ. ಬೇಡ, ಇದ್ದ ಹಾಗೇ ಇರಲಿ ಎಂದರು. ಚಿತ್ರ ಈಗ ಆ ಮೊಳೆಗೆ ತೂಗುತ್ತಿದೆ. ಮಾವ ಅದರ ಎದುರಿಗೊಂದು ಕುರ್ಚಿ ಹಾಕಿಕೊಂಡಿದ್ದಾರೆ. ದಿನಾ ಚಹಾ ಕುಡಿಯುವುದು ಆ ಗೋಡೆಗೆ ಮುಖ ಮಾಡಿಯೇ.