ಕೆಂಪುಗಣ್ಣಿನ ಗಾಜಿನ ಕೋಳಿ

ಜಗತ್ತಿನ ಯಾವ ಗಾಜಿನ ಕೋಳಿಯನ್ನಾದರೂ ನನ್ನ ಮುಂದೆ ತಂದಿಡಿ, ಅದರ ಕುಲಗೋತ್ರ ಹೇಳಿಬಿಡುತ್ತೇನೆ! ಹೀಗೆಂದು ನಾನು ಗಟ್ಟಿಯಾಗಿ ಘೋಷಿಸಿದೆ. ಕೋಣೆಯ ಬಾಗಿಲು ಹಾಕಿಕೊಂಡು, ಕನ್ನಡಿಯ ಎದುರು. ಮನುಷ್ಯರ ಎದುರು ನನಗೆ ಬಾಯಿ ಬರುವುದಿಲ್ಲ. 2020ರಲ್ಲಿ ಶಾಲೆ ಲ್ಯಾಪ್‌ಟಾಪಿನೊಳಗೆ ಬಂದಾಗ ಕ್ಯಾಮೆರಾ ಆಫ್ ಮಾಡಿದವನು ಮತ್ತೆ ಆನ್ ಮಾಡಲೇ ಇಲ್ಲ. ಶಾಲೆಯವರು ಕಾದು ಕಾದು ನನ್ನನ್ನೇ ಆಫ್ ಮಾಡಿದರು.

ಆದರೆ ಹಾಲುಗಾಜು ನನಗೆ ಗೊತ್ತು. ಹಾಲಿನಂತೆ ಬೆಳ್ಳಗಿರುವ ಈ ಗಾಜಿನಲ್ಲಿ ನೂರು ವರ್ಷದ ಹಿಂದೆ ಅಮೆರಿಕದವರೂ ಫ್ರಾನ್ಸಿನವರೂ ಡಬ್ಬಿಗಳನ್ನು ಮಾಡುತ್ತಿದ್ದರು. ಕೆಳಗೆ ಬುಟ್ಟಿ, ಮೇಲೆ ಮುಚ್ಚಳವಾಗಿ ಕಾವಿಗೆ ಕೂತ ಕೋಳಿ, ಇಲ್ಲವೇ ಬಾತು, ಮೊಲ. ಎಷ್ಟೋ ಡಬ್ಬಿಗಳ ಮೇಲೆ ಹೆಸರಿಲ್ಲ. ಬುಟ್ಟಿಯ ನೇಯ್ಗೆ, ಬಾಲದ ಗೆರೆ, ಅಂಚಿನ ಹೊಳಪು ನೋಡಿ ಯಾರು ಮಾಡಿದ್ದೆಂದು ಪತ್ತೆ ಹಚ್ಚಬೇಕು. ಬಾಯಿ ತೆರೆಯದೆ ಮಾಡಬಹುದಾದ ಕೆಲಸ!

ಅಮ್ಮನ ಗೆಳತಿ ಕುಮುದಾ ಆಂಟಿ ಲಾ ಹೋಯಾದ ಪ್ರಯೋಗಾಲಯದ ಸಂಶೋಧನೆ ಬಿಟ್ಟು ಸ್ಯಾನ್ ಡಿಯೇಗೋದಲ್ಲಿ ಹಳೆಯ ಗಾಜಿನ ಅಂಗಡಿ ಇಟ್ಟವರು. ಒಂದು ಭಾನುವಾರ ನಮ್ಮ ಚಾಟ್ಸ್‌ವರ್ತ್ ಮನೆಗೆ ಬಂದು, ಟವೆಲ್ಲಿನಲ್ಲಿ ಸುತ್ತಿದ ಬಿಳಿ ಕೋಳಿಯನ್ನು ನನ್ನ ಕೈಗಿತ್ತರು.

"ಇದನ್ನ ಯಾರು ಮಾಡಿದ್ದು ಅಂತ ಒಂದು ವಾರದಲ್ಲಿ ಹೇಳು ಅಭಿನವ. ಸರಿಯಾಗಿ ಹೇಳಿದ್ರೆ ನನ್ನ ಅಂಗಡೀಲಿ ಕೆಲಸ."

ಅಪ್ಪ ನೀಲಕಂಠಪ್ಪ ಎಲ್ ಸೆಗುಂಡೋದಲ್ಲಿ ರಾಕೆಟ್ಟಿನ ಬಿಡಿಭಾಗ ಅಳೆಯುವ ಎಂಜಿನಿಯರ್. ಅವರು ತೀರ್ಪು ಕೊಟ್ಟರು: "ಆತು. ಹೇಳಿದ್ರ ಕೋಳಿ ಕಾಯಾಕ ಹೋಗು. ಹೇಳಲಿಲ್ಲಂದ್ರ ಮುಂದಿನ ಸೋಮವಾರ ಸಾಲಿ. ಲ್ಯಾಪ್‌ಟಾಪ್ ಅಲ್ಲ ಮತ್ತ, ಖರೇ ಸಾಲಿ!"

ಖರೇ ಶಾಲೆ ಎಂದರೆ ಖರೇ ಮುಖಗಳು!

ಕೋಳಿಗೆ ಒಂದೇ ಕಣ್ಣು. ಕೆಂಪು ಗಾಜಿನದು. ಇನ್ನೊಂದು ಕಣ್ಣಿನ ಜಾಗದಲ್ಲಿ ಬರೀ ಕುಳಿ. ಹತ್ತಿಯ ಕೈಗವಸು ಹಾಕಿ, ಉಸಿರು ಬಿಗಿಹಿಡಿದು, ಅದನ್ನು ಕಪಾಟಿನ ಮೇಲೆ ಬಾಗಿಲ ಕಡೆ ಮುಖ ಮಾಡಿ ಇಟ್ಟೆ. ಸ್ನಾನ ಮುಗಿಸಿ ಬಂದು ನೋಡಿದರೆ ಅದು ಗೋಡೆಯ ಕಡೆ ತಿರುಗಿ ಕೂತಿತ್ತು!

ಮತ್ತೆ ಬಾಗಿಲ ಕಡೆ ತಿರುಗಿಸಿದೆ. ಮರುದಿನ ಮತ್ತೆ ಗೋಡೆ. ನಡುನಡುವೆ, ಯಾರೂ ಮುಟ್ಟದಿದ್ದರೂ, ಮುಚ್ಚಳ ಸದ್ದು ಮಾಡುತ್ತಿತ್ತು. ಕಟ್... ಕಟ್... ಒಳಗಿನಿಂದ ಯಾರೋ ಮೆಲ್ಲಗೆ ತಟ್ಟುವಂತೆ. ತೆರೆದರೆ ಏನೂ ಇಲ್ಲ. ಹುಟ್ಟಿದಾಗಿನಿಂದ ಬಲ್ಲ ಯಾವುದೋ ವಾಸನೆ ಮಾತ್ರ.

"ಅಮ್ಮಾ, ನನ್ನ ಕೋಳಿ ಮುಟ್ಟಿದ್ಯೇನು?"

"ನನಗ ಬ್ಯಾರೆ ಕೆಲಸಿಲ್ಲೇನು?" ಎಂದಳು ಅಮ್ಮ.

ಅಜ್ಜಿ ಮಲ್ಲವ್ವ ಕೆಳಗಿನ ಸೋಫಾದಿಂದಲೇ ಕೂಗಿದಳು, "ನನ್ನ ಕಡೆ ನೋಡಬ್ಯಾಡಪಾ. ಈ ಮೊಳಕಾಲಾಗ ಮಾಳಿಗಿ ಹತ್ತಾಕ ಆಕ್ಕೈತೇನು?"

ಬುಟ್ಟಿಯ ಹೆಣಿಗೆ ಒಂದು ಕಂಪನಿಯ ಹೆಸರು ಹೇಳಿತು, ಬಾಲ ಇನ್ನೊಂದರದ್ದು. ರೆಕ್ಕೆಯ ಗೆರೆಗಳಲ್ಲಿ ತೆಳುವಾದ ಹಳದಿ ಕೂತಿತ್ತು. ಅದನ್ನು ಶತಮಾನದ ಮುಪ್ಪು ಎಂದು ಗೌರವದಿಂದ ಒಪ್ಪಿಕೊಂಡೆ. ವಾರ ಮುಗಿಯುತ್ತಾ ಬಂತು. ಶನಿವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಹೊದಿಸಿ ಕತ್ತಲೆ ಮಾಡಿ, ಗಾಜು ಸಂಗ್ರಹಿಸುವವರು ಬಳಸುವ ನೇರಳೆ ಟಾರ್ಚ್ ಒತ್ತಿದೆ.

ಕೋಳಿ ಹೊತ್ತಿಕೊಂಡಿತು! ಎದೆಯ ಮೇಲೆ ಹಳದಿ ಹಸಿರು ಬೆಂಕಿ. ನೆತ್ತಿಯ ಮೇಲೆ ಬೆಂಕಿ. ಕುರುಡುಗಣ್ಣಿನಿಂದ ಒಂದು ಹಸಿರು ಕಣ್ಣೀರು ಇಳಿದಿತ್ತು.

ಹಸಿರು ಹೊಳೆಯುವ ಗಾಜೆಂದರೆ ಯುರೇನಿಯಂ ಬೆರೆತ ಗಾಜು! "ಸಿಕ್ಕಿತು ಆಂಟಿ! ಯುರೇನಿಯಂ! ಅಪರೂಪದ ಫ್ರೆಂಚ್ ಕೋಳಿ!" ಎಂದು ಆಂಟಿಗೆ ಮೆಸೇಜ್ ಕಳಿಸಿ, ವಿಜಯೋತ್ಸಾಹದಿಂದ ಟಾರ್ಚ್ ಹಿಡಿದೇ ಬಾಗಿಲು ತೆರೆದೆ.

ಬಾಗಿಲ ಹೊರಮೈ ಮೇಲೆ ಒಂದು ಕೈ.

ಪುಟ್ಟ ಅಂಗೈ, ಐದು ಬೆರಳು, ಹಸಿರಾಗಿ ಉರಿಯುತ್ತಿತ್ತು. ಹೊರಗಿನ ಕತ್ತಲೆ ಪ್ಯಾಸೇಜಿನ ಗೋಡೆಯ ಮೇಲೆ ಇನ್ನೊಂದು. ಆಮೇಲೆ ಮತ್ತೊಂದು. ಗೋಡೆ ಹಿಡಿದುಕೊಂಡು ಯಾರೋ ಮೆಲ್ಲನೆ ಮೆಟ್ಟಿಲು ಹತ್ತಿ ನನ್ನ ಕೋಣೆಯ ತನಕ ಬಂದಿದ್ದರು. ಒಂದು ಸಲ ಅಲ್ಲ, ಎಷ್ಟೋ ಸಲ. ಕೈಯ ಮೇಲೆ ಕೈ ಬಿದ್ದಿತ್ತು.

ನಾನು ಇಳಿದೆನೋ ಉರುಳಿದೆನೋ ತಿಳಿಯದು.

"ಅಪ್ಪಾ! ಯುರೇನಿಯಂ ಮನಿ ತುಂಬ ಅಡ್ಡಾಡೈತಿ!"

"ಯುರೇನಿಯಂಗ ಕಾಲ ಅದಾವೇನಲೇ?"

"ಕಾಲ ಇಲ್ಲ. ಕೈ ಅದಾವ!"

ಅಪ್ಪ ನಗುತ್ತಾ ಟಾರ್ಚ್ ಕಸಿದುಕೊಂಡರು. ಮೆಟ್ಟಿಲ ಗೋಡೆ ನೋಡಿದ ಮೇಲೆ ನಗು ನಿಂತಿತು. ಪರದೆ ಎಳೆದು ಅಮ್ಮನ ಮೇಲೆ ಬಿಟ್ಟರು: ತಾಳಿಯ ದಾರ ಕೊರಳ ಸುತ್ತ ಮಿಂಚುಹಾವಿನಂತೆ ಹೊಳೆಯಿತು. ಸೋಫಾದ ಕಡೆ ಬಿಟ್ಟರು: ಕತ್ತಲಲ್ಲಿ ಎರಡು ಅಂಗೈ, ಎರಡು ಕೆನ್ನೆ, ಎರಡು ಪಾದ ಮಾತ್ರ ಹಸಿರಾಗಿ ತೇಲುತ್ತಿದ್ದವು. ಅವುಗಳ ನಡುವಿನಿಂದ ಅಜ್ಜಿಯ ದನಿ ಬಂತು: "ಯಾಕೋ ನೀಲ್ಯಾ, ಹಂಗ್ಯಾಕ ನೋಡ್ತಿ?"

"ಎಲ್ಲಾರೂ ಹೊರಗ!" ರಾಕೆಟ್ ಎಂಜಿನಿಯರರ ಕಿರುಚಾಟಕ್ಕೆ ಪಕ್ಕದ ಮನೆಯ ನಾಯಿಯೂ ಬೊಗಳಿತು. ಅವರು ಕೋಳಿಯನ್ನು ಚಪಾತಿ ಸುತ್ತುವ ಫಾಯಿಲ್‌ನಲ್ಲಿ ಸುತ್ತಿ, ಪ್ರೆಶರ್ ಕುಕ್ಕರಿನಲ್ಲಿಟ್ಟು, ಮುಚ್ಚಳ ಬಿಗಿದು, ಡ್ರೈವ್‌ವೇಗೆ ತಂದಿಟ್ಟರು.

ಅಜ್ಜಿ ಎದೆ ಬಡಿದುಕೊಂಡಳು. "ನಮ್ಮ ಕುಕ್ಕರಿನ್ಯಾಗ ಕೋಳಿ! ಏಳು ತಲಿಮಾರಿನ್ಯಾಗ ಆಗಿದ್ದಿಲ್ಲೋ ಶಿವನ!"

ನನ್ನ ಮೆಸೇಜ್ ನೋಡಿ ಗಾಬರಿಯಾಗಿ ಫ್ರೀವೇ ಟ್ರಾಫಿಕ್ ಸೀಳಿಕೊಂಡು ಬಂದ ಕುಮುದಾ ಆಂಟಿ, ಕುಕ್ಕರಿನ ಸುತ್ತ ದೂರ ದೂರ ನಿಂತಿದ್ದ ನಮ್ಮನ್ನು ಕಂಡರು. ಟಾರ್ಚ್ ತೆಗೆದುಕೊಂಡು ನಮ್ಮನ್ನು ಅಡುಗೆಮನೆಗೆ ಕರೆದೊಯ್ದು, ಪರದೆ ಎಳೆದು ದೀಪ ಆರಿಸಿ, ಮಸಾಲೆ ಡಬ್ಬಿ ತೆರೆದರು. ಒಂದು ಬಟ್ಟಲು ಧಗ್ಗನೆ ಹೊಳೆಯಿತು.

"ಅರಿಶಿನ ಕಣ್ರೀ. ಈ ಬೆಳಕಿಗೆ ಹೀಗೇ ಹೊಳೆಯುತ್ತೆ."

ಎಲ್ಲರೂ ಅಜ್ಜಿಯ ಕಡೆ ತಿರುಗಿದೆವು.

"ಆ ಒಕ್ಕಣ್ಣಿನ್ನ ನೋಡಿ ನನ್ನ ಎದಿ ಧಸಕ್ಕಂತು," ಎಂದಳು ಅಜ್ಜಿ. "ಪೀಡಾ ಇದ್ರ ಹೋಗಲಿ ಅಂತ ಎಣ್ಣಿ ಅರಿಷಿಣ ಹಚ್ಚಿ ಗ್ವಾಡಿ ಕಡೆ ತಿರುಗಿಸಿದೆ. ತಪ್ಪೇನು?"

"ಮೊಳಕಾಲ ಬ್ಯಾನಿ?" ಎಂದೆ.

"ಬ್ಯಾನಿ ಐತಿ. ಆದ್ರೂ ದಿನಾ ಮಧ್ಯಾಹ್ನ ಹತ್ತಿ ಬಂದು ನಿನ್ನ ಬಾಗಲಕ್ಕ ಕೈ ಇಟ್ಟು ನಿಲ್ತೀನಿ. ಒಳಗ ಅದಿಯೋ ಇಲ್ಲೋ, ಒಂದ ಸಪ್ಪಳನೂ ಇರಂಗಿಲ್ಲಲ್ಲೋ."

ಆ ಹಸಿರು ಬೆರಳುಗಳಿಗಿಂತ ಈ ಮಾತು ನನಗೆ ಹೆಚ್ಚು ಚಳಿ ಹಿಡಿಸಿತು.

ಆಂಟಿ ಕುಕ್ಕರನ್ನು ಒಳಗೆ ತಂದು, ಮುಚ್ಚಳ ತೆಗೆದು ಕೇಳಿದರು, "ಟೆಸ್ಟ್ ಮಾಡೋಕೆ ಮುಂಚೆ ತೊಳೆದ್ಯಾ?"

"ಇಲ್ಲ ಆಂಟಿ. ನೀರು ತಾಕಿದರೆ ಏನಾದರೂ ಆದೀತು ಅಂತ..."

ಅವರು ಸೋಪು ಹಾಕಿ ಕೋಳಿಯನ್ನು ತೊಳೆದರು. ಮುಪ್ಪು, ಬೆಂಕಿ, ಕಣ್ಣೀರು ಎಲ್ಲವೂ ಸಿಂಕಿಗೆ ಹೋದವು. ಪರದೆ ಸರಿಸಿ ಕಿಟಕಿಯ ಸಂಜೆಬಿಸಿಲಿಗೆ ಹಿಡಿದರೆ ಮುಚ್ಚಳದ ಅಂಚು ಕೆಂಡದಂತೆ ಮಿನುಗಿತು. ಬುಟ್ಟಿ ಮಂಕಾಗಿಯೇ ಇತ್ತು. "ಹಳೇ ಹಾಲುಗಾಜು ಬಿಸಿಲಿಗೆ ಹೀಗೆ ಕೆಂಪಾಗಿ ಮಿನುಗುತ್ತೆ. ಮುಚ್ಚಳ ಹಳೇದು, ಬುಟ್ಟಿ ಬೇರೆಯವರದ್ದು. ಸರಿಯಾಗಿ ಕೂರಲ್ಲ. ಅದಕ್ಕೇ ನಿಮ್ಮ ಮನೆ ಹಿಂದೆ ರೈಲು ಹೋದಾಗೆಲ್ಲ ಅದುರಿ ಕಟಕಟ ಅನ್ನುತ್ತೆ. ಈಗ ಹೇಳು, ಈ ಮುಚ್ಚಳ ಯಾರದ್ದು?"

ನನ್ನ ಬಾಯಿಂದ ಮೊದಲ ಸಲ ಸತ್ಯ ಹೊರಬಿತ್ತು. "ಗೊತ್ತಿಲ್ಲ."

"ಸೋಮವಾರ ಸಾಲಿ!" ಎಂದರು ಅಪ್ಪ.

"ಸ್ವಲ್ಪ ಇರಿ," ಎಂದರು ಆಂಟಿ. "ಗುರುತು ಹಿಡಿಯೋ ಕೆಲಸ ಇವನಿಗೆ ಕೊಡಲ್ಲ. ಆದ್ರೆ ಇಡೀ ವಾರ ಒಂದು ಚಕ್ಕೆ ಹಾರದ ಹಾಗೆ ನೋಡ್ಕೊಂಡಿದಾನೆ. ನನಗೆ ಹಳೇ ಗಾಜು ತೊಳೆಯೋರು ಬೇಕು. ಹಿಂದಿನ ರೂಮಲ್ಲಿ ಸಿಂಕು, ಯಾರ ಜೊತೆಗೂ ಮಾತಾಡಬೇಕಾಗಿಲ್ಲ. ಬರ್ತೀಯಾ?"

ಬರುತ್ತೇನೆಂದು ತಲೆ ಆಡಿಸಿದೆ. ಎದೆ ಉಬ್ಬಿತು. ಉದ್ಯೋಗ! ಕ್ಯಾಲಿಫೋರ್ನಿಯಾದ ಚರಿತ್ರೆಯನ್ನು ಸೋಪಿನಿಂದ ಕಾಪಾಡುವ ಮಹಾಸೇವೆ!

ಅಜ್ಜಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಮ್ಮನ ಕಡೆ ತಿರುಗಿದಳು.

"ಮನ್ಯಾಗ ತಾ ಉಂಡ ತಾಟ ಒಂದಿನಾ ತೊಳೀದಾವ, ಕೋಳಿ ತೊಳ್ಯಾಕ ಸ್ಯಾನ್ ಡಿಯೇಗೋಕ್ಕ ಹೊಂಟಾನ ನೋಡ!"