ಕಂಪ್ಯೂಟರಿನ ಮರಣಗಂಟೆ

ನಗಬಾರದ ಹೊತ್ತಿನಲ್ಲಿ ನಗು ಬರಿಸುವಂಥದ್ದು ಏನಾದರೊಂದು ನಡೆಯದೆ ನಮ್ಮ ಮನೆಯಲ್ಲಿ ಯಾವ ಸಂಕಟವೂ ಮುಗಿದದ್ದಿಲ್ಲ. ಎಂಬತ್ತರ ದಶಕದ ಮಾತು. ಬನ್ನಂಜೆಯಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ, ಮನೆ ಕಾಪುವಿನ ಹತ್ತಿರ. ದುಬೈಯಿಂದ ಬಂದ ಭಾವ ಟಿ.ವಿ.ಗೆ ಸಿಕ್ಕಿಸುವ ಕಂಪ್ಯೂಟರೊಂದನ್ನು ತಂದುಕೊಟ್ಟಿದ್ದರು. ಅಪ್ಪ ಹಾಸಿಗೆ ಹಿಡಿದಿದ್ದರು, ಡಾಕ್ಟರು ಕೈಚೆಲ್ಲಿದ್ದರು. ಅವರಿಗೆ ಹೊತ್ತು ಹೋಗಲೆಂದು ಅದರಲ್ಲಿ ಚಿತ್ರ, ಸದ್ದು ಬರಿಸಲು ಕೂತೆ.

ದೋಣಿ

ಚೌಕ ಚೌಕ ಸೇರಿಸಿ ಮಾಡಿದ ದೋಣಿ ಪರದೆಯ ಮೇಲೆ ಹೊರಟಿತು. ಪಕ್ಕದ ಮನೆಯ ಮೀನುಗಾರರು ನೋಡಿ, "ಎಂತ ಮಾರಾಯ, ಇದು ಹಿಂದೆ ಹಿಂದೆ ಹೋಗ್ತಾ ಉಂಟಲ್ಲ!" ಎಂದರು. ಸರಿಮಾಡುವಷ್ಟರಲ್ಲಿ ಕರೆಂಟು ಹೋಗಿ ಎಲ್ಲ ಅಳಿಸಿಹೋಯಿತು. ಅಪ್ಪ ಶಿಲುಬೆಯ ಗುರುತು ಮಾಡಿಕೊಂಡು ಕೇಳಿದರು: "ದೋಣಿಯಲ್ಲಿ ಎಷ್ಟು ಜನ ಇದ್ದರು?"

ಕ್ಯಾಸೆಟ್

ಪ್ರೋಗ್ರಾಮನ್ನು ಕ್ಯಾಸೆಟ್ಟಿನಲ್ಲಿ ಉಳಿಸಬಹುದೆಂದು ಆಮೇಲೆ ತಿಳಿಯಿತು. ಕೈಗೆ ಸಿಕ್ಕಿದ ಕ್ಯಾಸೆಟ್ಟಿನಲ್ಲಿ ಉಳಿಸಿದೆ. ಬೆಳಿಗ್ಗೆ ಅಮ್ಮ ಪ್ರಾರ್ಥನೆಯ ಕ್ಯಾಸೆಟ್ ಹಾಕಿದರೆ ಕರ್ರೋ ಎಂಬ ಕಿರುಚಾಟ. ಅಪ್ಪ ಕಣ್ಣುಬಿಟ್ಟು, "ನನಗೆ ಎಲ್ಲಿ ಜಾಗ ಇಟ್ಟಿದ್ದಾರೆ ಅಂತ ಗೊತ್ತಾಯ್ತು," ಎಂದರು.

ಗಂಟೆ

ನಮ್ಮ ಇಗರ್ಜಿಯ, ಎಂದರೆ ಚರ್ಚಿನ, ಗಂಟೆಯ ಸದ್ದು ಬರಿಸು ಎಂದವರು ಅಪ್ಪನೇ. ಮೊದಲು ಬಂದದ್ದು ಸೈಕಲ್ ಬೆಲ್ಲು. ಒಂದೇ ಸ್ವರವನ್ನು ಜೋರಾಗಿ ಹೊರಡಿಸಿ, ಹಂತಹಂತವಾಗಿ ತಗ್ಗಿಸಿ, ನಡುವೆ ಬಿಡುವು ಕೊಟ್ಟಾಗ ಸಾಕ್ಷಾತ್ ಮರಣದ ಗಂಟೆ! ಅಪ್ಪನಿಗೆ ಕಿವಿ ಮಂದವೆಂದು ಅಂಗಡಿಯ ದೊಡ್ಡ ಸ್ಪೀಕರನ್ನೇ ಜೋಡಿಸಿದೆ.

ಆ ಗಂಟೆ ಕೇಳಿದರೆ ಕೈಯ ಕೆಲಸ ಬಿಟ್ಟು ಸತ್ತವರ ಮನೆಗೆ ಹೋಗುವುದು ನಮ್ಮಲ್ಲಿ ರೂಢಿ. ಯಾರ ಮನೆ ಎಂದು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ. ನೋಡುನೋಡುತ್ತಿದ್ದಂತೆ ಅಂಗಳ ತುಂಬಿತು. ಸಾವಿನ ಮನೆಗಳಲ್ಲಿ ಪ್ರಾರ್ಥನೆ ಹೇಳಿಸುವ ಮುದುಕಿ ಬಾಯಮ್ಮ ಮೇಣದ ಬತ್ತಿ ಹಿಡಿದು ಒಳಬಂದವರೇ, ಗಂಜಿ ಕುಡಿಯುತ್ತಿದ್ದ ಅಪ್ಪನನ್ನೇ ಕೇಳಿದರು: "ಎಷ್ಟು ಹೊತ್ತಿಗೆ ಆಯ್ತು?"

"ಇನ್ನೂ ಆಗ್ಲಿಲ್ಲ. ಕೂತ್ಕೊಳ್ಳಿ."

ತಮ್ಮ

ಎಲ್ಲರೂ ಹೋದ ಮೇಲೆ ಅಪ್ಪ ಕೇಳಿದ್ದು ಒಂದೇ: "ತಮ್ಮ ಬಂದನಾ?"

ಗದ್ದೆಯಾಚೆಯ ಮನೆ ಚಿಕ್ಕಪ್ಪನದು. ಬಾವಿಯ ಜಗಳದಲ್ಲಿ ಮಾತು ಬಿಟ್ಟವರು ನನ್ನ ಮದುವೆಗೂ ಬಂದಿರಲಿಲ್ಲ. ಸಾಯುವ ಮೊದಲು ತಮ್ಮ ಒಮ್ಮೆ ಮನೆಯೊಳಗೆ ಬರಬೇಕೆಂಬುದೇ ಅಪ್ಪನ ಆಸೆ. ಕರೆಯಲು ಮಾತ್ರ ಹಠ ಬಿಡದು.

"ನಾಳೆ ಸ್ಪೀಕರ್ ಅವನ ಕಡೆಗೆ ತಿರುಗಿಸು."

ಊರವರಿಗೆ ಮೊದಲೇ ಹೇಳಿಟ್ಟು, ಸ್ಪೀಕರ್ ತಿರುಗಿಸಿ ಗಂಟೆ ಹೊಡೆಸಿದೆ. ಚಿಕ್ಕಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಂಗಳದವರೆಗೆ ಬಂದರು. ಕಿಟಕಿಯಲ್ಲಿ ಅಪ್ಪನ ಮುಖ! "ಬಾ ಒಳಗೆ," ಎಂದರು ಅಪ್ಪ.

"ಸತ್ತ ಮೇಲೆ ಹೇಳಿ ಕಳಿಸು," ಎಂದು ಚಿಕ್ಕಪ್ಪ ತಿರುಗಿ ನಡೆದರು.

ನಿಜದ ಗಂಟೆ

ಸ್ವಲ್ಪ ದಿನಕ್ಕೆ ಅಪ್ಪ ಹೋದರು. ಇಗರ್ಜಿಯಲ್ಲಿ ನಿಜವಾದ ಗಂಟೆ ಹೊಡೆಯಿತು. ಜನ ಬಂದರು, ಅನುಮಾನದಿಂದಲೇ. ಬಾಯಮ್ಮ ಅಪ್ಪನ ಕೈ ಮುಟ್ಟಿ ನೋಡಿದ ಮೇಲೆಯೇ ಬತ್ತಿ ಹಚ್ಚಿದರು. ಚಿಕ್ಕಪ್ಪ ಬರಲಿಲ್ಲ. ಗದ್ದೆ ದಾಟಿ ಹೋದೆ.

ಊಟಕ್ಕೆ ಕೂತಿದ್ದವರು ತಲೆ ಎತ್ತಲಿಲ್ಲ. "ನಿನ್ನ ಪೆಟ್ಟಿಗೆಯ ಗಂಟೆ ನನಗೆ ಗೊತ್ತಾಗುದಿಲ್ವಾ? ಈ ಸಲ ನಾನು ಮೋಸ ಹೋಗುದಿಲ್ಲ ಅಂತ ನಿನ್ನ ಅಪ್ಪನಿಗೆ ಹೇಳು."

"ಚಿಕ್ಕಪ್ಪ, ಬೆಳಗ್ಗಿನಿಂದ ಕರೆಂಟೇ ಇಲ್ಲ."

ಕೈಯ ತುತ್ತು ಬಟ್ಟಲಿಗೆ ಬಿತ್ತು. ಎಂಜಲು ಕೈಯಲ್ಲೇ ಓಡಿಬಂದು, ಹೊಸ್ತಿಲು ದಾಟಿ, ಮಂಚದ ಪಕ್ಕ ನಿಂತು ಅಣ್ಣನ ಹೆಗಲು ಅಲುಗಿಸಿದರು. "ಹೇಳಿ ಕಳಿಸಿದೆಯಲ್ಲ, ಬಂದೆ. ಬಂದೆ ಮಾರಾಯ, ನೋಡು."

ಬಾಯಮ್ಮ ಅವರ ಕೈ ಹಿಡಿದು ಬಿಡಿಸಿದರು. "ಎಷ್ಟು ಕರೆದರೂ ಆಗ್ಲಿಕ್ಕಿಲ್ಲ. ಈ ಸಲ ಮಾತು ಬಿಟ್ಟದ್ದು ಅವನು."